ಎರಡು ಮಸ್ಟರಿನ ಸಹಿ

ತೊಂಬತ್ತರ ದಶಕದ ನಡುವೆ ಕೆಲವು ವರ್ಷ ನಾನು ಪುಣೆಯ ಒಂದು ಕಾನೂನು ಕಾಲೇಜಿನಲ್ಲಿ ಅರ್ಧ ಮೇಡಂ, ಅರ್ಧ ಗುಮಾಸ್ತೆ. ಬೆಳಿಗ್ಗೆ ಏಳರಿಂದ ಎಂಟರವರೆಗೆ ಸಾಕ್ಷ್ಯ ಕಾಯ್ದೆಯ ಪಾಠ, ಎಂಟಕ್ಕೆ ಲೈಬ್ರರಿಯ ಬೀಗ ತೆಗೆದು ಮಧ್ಯಾಹ್ನದವರೆಗೆ ಅಲ್ಲಿನ ಕೌಂಟರು. ಎರಡೂ ಪಾರ್ಟ್‌ಟೈಮು. ಸ್ಟಾಫ್‌ರೂಮಿನವರಿಗೆ ನಾನು ಲೈಬ್ರರಿಯವಳು. ಲೈಬ್ರರಿಯವರು ‘ಪ್ರೊಫೆಸರ್ ಬಾಯಿ’, ಅಂದರೆ ಪ್ರೊಫೆಸರಮ್ಮ, ಎಂದು ಮರಾಠಿಯಲ್ಲಿ ಚುಡಾಯಿಸುತ್ತಿದ್ದರು. ಹೀಗಾಗಿ ಚಹಾದ ಹೊತ್ತಿಗೆ ಎರಡೂ ಕಡೆಯವರು ನನ್ನನ್ನು ಮರೆಯುತ್ತಿದ್ದರು. ಧಾರವಾಡ ಬಿಟ್ಟು ಬಂದು ಧನಕವಡಿಯಲ್ಲಿ ಒಂದು ಖೋಲಿ ಹಿಡಿದಿದ್ದೆ. ಅಲ್ಲಿಯೂ ಮಾತಾಡಲು ಯಾರೂ ಇರಲಿಲ್ಲ. ಒಂಟಿತನ ಬಹಳ ಕಾಡುತ್ತಿತ್ತು. ಆಗ ಯಾರಾದರೂ ಕೇಳಿದ್ದರೆ ಒಪ್ಪುತ್ತಿರಲಿಲ್ಲ, ಅಷ್ಟು ಜಂಬ.

ಏಳು ಗಂಟೆಯ ತರಗತಿಯ ಪಟ್ಟಿಯಲ್ಲಿ ಮೂವತ್ತೆರಡು ಹೆಸರುಗಳಿದ್ದವು, ಎಲ್ಲರೂ ನೌಕರಿಯವರು. ದೀಪಾವಳಿ ರಜೆ ಮುಗಿದ ಮೇಲೆ ನಿಜವಾಗಿ ಬರುತ್ತಿದ್ದವರು ಒಬ್ಬರೇ. ಬೆಳಗಾವಿ ಕಡೆಯವರು, ವಿಮಾ ಕಚೇರಿಯಲ್ಲಿ ಕಾರಕೂನರು, ನನಗಿಂತ ಹತ್ತು ವರ್ಷ ಹಿರಿಯರು. ಊರಾಚೆಯ ನಿಗಡಿಯಿಂದ ಕತ್ತಲಲ್ಲೇ ಹೊರಟು ಬರುತ್ತಿದ್ದರು. ಅವರೊಬ್ಬರಿಗಾಗಿ ನಾನು ವೇದಿಕೆಯ ಮೇಲೆ ನಿಂತು ಪಾಠ ಮಾಡುತ್ತಿದ್ದೆ.

“ಕುಂದರ್ರಿ ಮೇಡಂ, ನಾ ಒಬ್ಬನ ಅದೀನಿ,” ಎನ್ನುತ್ತಿದ್ದರು.

“ಕ್ಲಾಸು ಅಂದ ಮ್ಯಾಲ ನಿಂತ ಹೇಳಬೇಕ್ರಿ.”

ಇಡೀ ದಿನದಲ್ಲಿ ನಾನು ಆಡುತ್ತಿದ್ದ ಕನ್ನಡ ಅಷ್ಟೇ. ಪಾಠ ಇಂಗ್ಲಿಷಿನಲ್ಲಿ, ಉಳಿದದ್ದೆಲ್ಲ ಮರಾಠಿ.

ಅವರು ಹೋದ ಮೇಲೆ ಹಾಜರಿ ಪುಸ್ತಕ ತೆರೆದು ಮೂವತ್ತೆರಡೂ ಮಂದಿಗೆ ಹಾಜರಿ ಹಾಕುತ್ತಿದ್ದೆ. ಇದ್ದದ್ದನ್ನು ಬರೆದಿದ್ದರೆ ಮರುವಾರವೇ ತರಗತಿ ಮುಚ್ಚುತ್ತಿದ್ದರು, ನನಗೆ ಕೌಂಟರು ಮಾತ್ರ ಉಳಿಯುತ್ತಿತ್ತು. ಸಾಕ್ಷ್ಯ ಕಾಯ್ದೆ ಕಲಿಸುವವಳೇ ಸುಳ್ಳು ದಾಖಲೆ ತಯಾರಿಸುತ್ತಿದ್ದೆ. ಇದು ನನ್ನ ಆ ಒಬ್ಬ ವಿದ್ಯಾರ್ಥಿಗೆ ಗೊತ್ತಿರಲಿಲ್ಲ.

ಪಾರ್ಟ್‌ಟೈಮಿನವರಿಗೆ ಇನ್ನೊಂದು ರೂಢಿಯಿತ್ತು. ನಾವು ಬಂದ ಹೊತ್ತು ಬರೆದು ಸಹಿ ಹಾಕುವ ಪುಸ್ತಕಗಳು, ಪಾಠದ ಮಸ್ಟರು, ಲೈಬ್ರರಿಯ ಮಸ್ಟರು ಎರಡೂ ಆಫೀಸಿನ ಒಂದೇ ಮೇಜಿನ ಮೇಲಿರುತ್ತಿದ್ದವು. ಮತ್ತೆ ಮತ್ತೆ ಯಾರು ಬರುತ್ತಾರೆ ಎಂದು ಬೆಳಿಗ್ಗೆಯೇ ಒಂದರಲ್ಲಿ ಏಳು, ಇನ್ನೊಂದರಲ್ಲಿ ಎಂಟು ಎಂದು ಬರೆದು ಸಹಿ ಹಾಕಿಬಿಡುತ್ತಿದ್ದೆವು.

ಒಂದು ದಿನ ತರಗತಿಯಲ್ಲಿ ಎಂಟಕ್ಕೆ ಐದು ನಿಮಿಷವಿದ್ದಾಗ ಅವರು ಕೇಳಿದರು, “ಮರಣ ಹೇಳಿಕೆ ಕೊಟ್ಟಾವ ಆಮ್ಯಾಲ ಸಾಯಲಿಲ್ಲ ಅಂದ್ರ ಏನ್ ಮಾಡೂದ್ರಿ, ಮೇಡಂ?”

ನನಗೆ ನಗು ಬಂತು, ಆಮೇಲೆ ಹುರುಪು ಬಂತು. ಕಾಯ್ದೆಯ ಒಂದು ಕಲಮಿನಿಂದ ಇನ್ನೊಂದಕ್ಕೆ ಹೋದೆ, ಹಲಗೆ ತುಂಬಿತು, ಒರೆಸಿ ಮತ್ತೆ ಬರೆದೆ. ಅಷ್ಟು ಚೆನ್ನಾಗಿ ನಾನು ಮತ್ತೆಂದೂ ಪಾಠ ಮಾಡಿಲ್ಲ. ಗಡಿಯಾರ ನೋಡಿದಾಗ ಎಂಟೂವರೆ. ಅಷ್ಟರಲ್ಲಿ ಹಿರಿಯ ಪ್ರೊಫೆಸರರೊಬ್ಬರು ಲೈಬ್ರರಿಯ ಬೀಗ ನೋಡಿ, ಮಸ್ಟರಿನಲ್ಲಿ ನನ್ನ ಎಂಟು ಗಂಟೆಯ ಸಹಿಯನ್ನೂ ನೋಡಿ, ಪ್ರಿನ್ಸಿಪಾಲರಿಗೆ ದೂರು ಕೊಟ್ಟಾಗಿತ್ತು. ಎಂಟರಿಂದ ಎಂಟೂವರೆಯವರೆಗೆ ಎಲ್ಲಿದ್ದಿರಿ, ಲಿಖಿತ ಉತ್ತರ ಕೊಡಿ ಎಂದು ಚೀಟಿ ಬಂತು.

ಮರುದಿನ ಪಾಠದ ನಂತರ ನನ್ನ ವಿದ್ಯಾರ್ಥಿಗೆ ವಿಷಯ ಹೇಳಿದೆ.

“ಅದಕ್ಯಾಕ ಚಿಂತಿ? ನಾ ಸಾಕ್ಷಿ ಹೇಳ್ತೀನ್ರಿ,” ಎಂದರು.

“ಕ್ಲಾಸಿನ್ಯಾಗ ಎಷ್ಟ್ ಮಂದಿ ಇದ್ರು ಅಂತ ಕೇಳಿದ್ರ?”

“ಇದ್ದದ್ದ ಹೇಳ್ತೀನ್ರಿ. ನಾ ಒಬ್ಬನ ಇದ್ನಿ.”

ಹಾಜರಿ ಪುಸ್ತಕದಲ್ಲಿ ಆ ದಿನವೂ ಮೂವತ್ತೆರಡು. ಪಾಠ ಮಾಡುತ್ತಿದ್ದೆ ಎಂದು ಉತ್ತರ ಕೊಟ್ಟರೆ ಅವರನ್ನು ಕರೆದು ಕೇಳುತ್ತಿದ್ದರು, ಸುಳ್ಳು ಬಯಲಾಗುತ್ತಿತ್ತು. ನಿಜ ಸಂಗತಿಯನ್ನು ಆಗಲೇ ಅವರಿಗೆ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನನ್ನನ್ನು ಮೇಡಂ ಎಂದು ಮನಸಾರೆ ಕರೆಯುತ್ತಿದ್ದವರು ಆ ಊರಿನಲ್ಲಿ ಅವರೊಬ್ಬರೇ. ಅವರ ಮುಂದೆ ಸಣ್ಣವಳಾಗಲು ಮನಸ್ಸು ಬರಲಿಲ್ಲ. “ನೀವೇನೂ ಬರಕೊಡಬ್ಯಾಡ್ರಿ, ನಾ ನೋಡ್ಕೋತೀನಿ,” ಎಂದೆ. ಆ ಮಧ್ಯಾಹ್ನ ಕೌಂಟರಿನಲ್ಲೇ ಕೂತು ಉತ್ತರ ಬರೆದೆ: ಅಂದು ತರಗತಿಯನ್ನು ಎಂಟಕ್ಕೇ ಮುಗಿಸಿ ಚಹಾ ಕುಡಿಯಲು ಹೊರಗೆ ಹೋಗಿದ್ದೆ, ತಪ್ಪಾಯಿತು. ಪ್ರಿನ್ಸಿಪಾಲರು ಅರ್ಧ ದಿನದ ರಜೆ ಕಡಿದು ಪ್ರಕರಣ ಮುಗಿಸಿದರು. ತರಗತಿ ಉಳಿಯಿತು.

ಎರಡು ದಿನ ಬಿಟ್ಟು ನನ್ನ ವಿದ್ಯಾರ್ಥಿ ಎಂದಿಗಿಂತ ಮೊದಲೇ ಬಂದು ಕೂತಿದ್ದರು. ಮುಂದೆ ಮಡಚಿದ ಒಂದು ಕಾಗದ. ಬೇಡವೆಂದರೂ ಕೇಳದೆ, ಕಚೇರಿಗೆ ಅರ್ಧ ದಿನ ಸೂಟಿ ಹಾಕಿ, ನನ್ನ ಪರವಾಗಿ ಸಾಕ್ಷಿ ಬರೆದು ಕಾಲೇಜಿನ ಆಫೀಸಿಗೆ ಒಯ್ದಿದ್ದರು.

“ತಗೊಳಲಿಲ್ರಿ,” ಎಂದರು. “ಚಹಾ ಕುಡ್ಯಾಕ ಹೋಗಿದ್ದೆ ಅಂತ ಮೇಡಂ ತಾವ ಬರಕೊಟ್ಟಾರ ಅಂದ್ರು.”

ನಾನು ಹಲಗೆ ಒರೆಸತೊಡಗಿದೆ.

“ಹಂಗಾರ ಆವತ್ತ ಅರ್ಧಾ ತಾಸು ನಾ ಯಾರ ಮುಂದ ಕುಂತಿದ್ನಿ, ಮೇಡಂ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಪುಸ್ತಕ ತೆರೆದು, ಇವತ್ತು ಮುಂದಿನ ಕಲಮು ನೋಡೋಣ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಅವರು ಕಾಗದವನ್ನು ಜೇಬಿಗಿಟ್ಟುಕೊಂಡು ಪೆನ್ನು ತೆಗೆದರು.

ಪರೀಕ್ಷೆಯ ತನಕ ಒಂದು ದಿನವೂ ತಪ್ಪಿಸದೆ ಬಂದರು, ಮೊದಲ ಬೆಂಚಿನಲ್ಲೇ ಕೂತು ಹೇಳಿದ್ದನ್ನೆಲ್ಲ ಬರೆದುಕೊಂಡರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.