ಅಪ್ಪನ ತಲೆ, ಅಮ್ಮನ ಅವರೆಕಾಳು

ಮಿದುಳಿನ ಎಂಆರ್‌ಐ ಚಿತ್ರದಲ್ಲಿ ಬೂದು ಭಾಗ ಯಾವುದು, ಬಿಳಿ ಭಾಗ ಯಾವುದು, ನೀರು ಯಾವುದು ಎಂದು ಕಂಪ್ಯೂಟರೇ ಬೇರ್ಪಡಿಸಿ ಬಣ್ಣ ಹಚ್ಚುವಂಥ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಎಷ್ಟು ವಿವರಿಸಿದರೂ ಅಪ್ಪ ನೆಂಟರ ಮುಂದೆ "ಮಗಳು ತಲೆಗೆ ಬಣ್ಣ ಹಚ್ತಾಳೆ" ಎಂದುಬಿಡುತ್ತಿದ್ದರು. ಅರ್ಧ ಬಳಗ ನಾನು ಬ್ಯೂಟಿ ಪಾರ್ಲರ್ ಇಟ್ಟಿದ್ದೇನೆಂದೇ ನಂಬಿತ್ತು.

ಅಪ್ಪ ನಿವೃತ್ತ ಗಣಿತದ ಮೇಷ್ಟ್ರು. ಚಿಕ್ಕಂದಿನಲ್ಲಿ ನಾನು ಲೆಕ್ಕ ತಪ್ಪಿದಾಗೆಲ್ಲ "ತಲೇಲಿ ಏನಿದೆ, ಜೇಡಿಮಣ್ಣಾ?" ಎಂದು ಗದರುತ್ತಿದ್ದವರು. ಅಂಥವರು ಈಚೆಗೆ ಕೃಷ್ಣಮೂರ್ತಿಪುರಂ ರಸ್ತೆಯಲ್ಲಿ ನಮಸ್ಕರಿಸುವ ಹಳೆಯ ವಿದ್ಯಾರ್ಥಿಗಳ ಹೆಸರು ಮರೆಯತೊಡಗಿ, ಒಳಗೊಳಗೇ ಹೆದರಿದ್ದರು. ಡಾಕ್ಟರು ಸ್ಕ್ಯಾನ್ ಮಾಡಿಸಿ, ವರದಿಗೆ ಎರಡು ದಿನ ಕಾಯಿರಿ ಎಂದರು. ನನಗೆಲ್ಲಿಯ ತಾಳ್ಮೆ? ಸಿ.ಡಿ. ತಂದು ನನ್ನ ಪ್ರೋಗ್ರಾಮಿಗೇ ಕೊಟ್ಟೆ.

ಬೂದು ಭಾಗ ಅಂಚಿನುದ್ದಕ್ಕೂ ಸವೆದುಹೋಗಿತ್ತು. ನೆನಪು, ಬುದ್ಧಿ ಎಲ್ಲಕ್ಕೂ ಬೇಕಾದ ಭಾಗ ಅದು. ಯಾರಿಗೂ ಹೇಳಲಾರದೆ ಅಡುಗೆಮನೆಗೆ ಹೋಗಿ, ಅಮ್ಮನ ಪಕ್ಕ ಕೂತು ನೆನೆಸಿದ ಅವರೆಕಾಳು ಹಿದುಕತೊಡಗಿದೆ.

"ಎಷ್ಟ್ ಜೋರಾಗಿ ಹಿದುಕ್ತೀಯೇ! ನೋಡು, ಸಿಪ್ಪೆ ಜೊತೆ ಬೇಳೆನೂ ಹೋಗ್ಬುಡ್ತು. ಮೆತ್ತಗೆ ಕಣೇ," ಎಂದು ಅಮ್ಮ ರೇಗಿದಳು.

ಸಿಪ್ಪೆಯೊಳಗೆ ಅರ್ಧ ಬೇಳೆ ಅಂಟಿಕೊಂಡಿತ್ತು. ಕೈಯನ್ನೂ ತೊಳೆಯದೆ ಕಂಪ್ಯೂಟರಿನ ಮುಂದೆ ಓಡಿದೆ. ಬಣ್ಣ ಹಚ್ಚುವ ಮೊದಲು ಪ್ರೋಗ್ರಾಂ ಚಿತ್ರದಿಂದ ತಲೆಬುರುಡೆಯನ್ನು ಸುಲಿದು ತೆಗೆಯುತ್ತದೆ. ಆ ಸುಲಿಯುವ ಹಂತವನ್ನು ನಾನು ಹೊಂದಿಸಿದ್ದು ಕಾಲೇಜು ಹುಡುಗರ ಸ್ಕ್ಯಾನುಗಳಿಗೆ. ಅಪ್ಪನ ಚಿತ್ರದಲ್ಲಿ ಅದು ಬುರುಡೆಯ ಜೊತೆ ಮಿದುಳಿನ ಅಂಚನ್ನೂ ಕಿತ್ತು ಬಿಸಾಡಿತ್ತು! ಮೆತ್ತಗೆ ಹಿದುಕುವ ಹಾಗೆ ಅಂಕಿಗಳನ್ನು ಬದಲಿಸಿದೆ. ಬೂದು ಭಾಗ ಅಂಚಿನವರೆಗೂ ತುಂಬಿಕೊಂಡು ಬಂತು. ನಾನು ಕುಣಿದದ್ದನ್ನು ನೋಡಿ ಅಮ್ಮ ಸೌಟು ಹಿಡಿದುಕೊಂಡೇ ಬಂದಳು.

ಎರಡು ದಿನದ ಮೇಲೆ ಡಾಕ್ಟರು, "ವಯಸ್ಸಿಗೆ ತಕ್ಕ ಹಾಗೇ ಇದೆ ಮೇಷ್ಟ್ರೇ, ನಿಶ್ಚಿಂತೆಯಿಂದ ಇರಿ" ಎಂದರು. ಅಂದು ಸಂಜೆ ಅಪ್ಪ ಕನ್ನಡಕ ಏರಿಸಿಕೊಂಡು ತಮ್ಮ ಮಿದುಳಿನ ಚಿತ್ರದ ಮುಂದೆ ಕೂತರು.

"ಈ ಹಸಿರು?"

"ಬೂದು ಭಾಗ ಅಪ್ಪ."

"ಹಳದಿ?"

"ಬಿಳಿ ಭಾಗ. ನೀಲಿ ಇರೋದು ನೀರು."

"ಜೇಡಿಮಣ್ಣು ಯಾವ ಬಣ್ಣ?"

"ಅದು ಯಾರ ತಲೇಲೂ ಇರಲ್ಲ ಅಪ್ಪ," ಎಂದು ನಕ್ಕೆ.

ಅಪ್ಪ ನಗಲಿಲ್ಲ. ಕನ್ನಡಕ ತೆಗೆದು ನನ್ನ ತಲೆಯ ಮೇಲೆ ಕೈಯಿಟ್ಟರು.

"ಇದ್ರಲ್ಲೂ ಇರ್ಲಿಲ್ಲ ಕಣಮ್ಮ. ನಾನೇ ಸುಮ್ಸುಮ್ನೆ ಬಯ್ದ್ಬುಟ್ಟೆ."