ಸುಂದರಮ್ಮನ ಮೊಳ

ಬನ್ನಿಮಂಟಪದ ಬಸ್‌ಸ್ಟಾಪಿನ ಪಕ್ಕ ಮಲ್ಲಿಗೆ ಮಾರುವ ಸುಂದರಮ್ಮನ ಕೈಯನ್ನು ದೇವರು ರಬ್ಬರಿನಲ್ಲಿ ಮಾಡಿರಬೇಕು. ಬೆರಳ ತುದಿಯಿಂದ ಮೊಣಕೈವರೆಗೆ ಹೂವನ್ನು ಎಳೆದು ಹಿಡಿದರೆ ಒಂದು ಮೊಳ. ಬೆಲೆ ಎಲ್ಲರಿಗೂ ಒಂದೇ. ಆದರೆ ಕಾರಿನ ಗಾಜು ಇಳಿಸಿ ಕೇಳಿದವರಿಗೆ ಆ ಕೈ ಕೂಸಿನ ಕೈಯಷ್ಟಾಗುತ್ತದೆ, ಬೀದಿ ಗುಡಿಸಿ ಮನೆಗೆ ಹೊರಟವಳಿಗೆ ಚಾಮುಂಡಿಬೆಟ್ಟ ಮುಟ್ಟುವಷ್ಟು ಬೆಳೆಯುತ್ತದೆ. "ಚೌಕಾಸಿ ಮಾಡ್ಬೇಡಿ ಕಣ್ರೀ, ಹೂವು ಬಾಡ್ತದೆ" ಎನ್ನುತ್ತಾಳೆ. ಚೌಕಾಸಿ ಮಾಡದೆ ಹೋದವರನ್ನು ಕಂಡರೆ ಅವಳಿಗೇ ಬೇಜಾರು. ಸಂಜೆ ಘಮ ಏರಿದಂತೆ ಕಣ್ಣುಗಳು ಅರೆಮುಚ್ಚುತ್ತವೆ. ಆಗ ಊರೇ ಒಂದು ಹೂದಂಡೆಯಾಗಿ ಯಾರದೋ ಮುಡಿಗೆ ತೇಲಿ ಹೊರಟಂತೆ ಕಾಣುತ್ತದೆ. ಆ ಕನಸಿನಿಂದ ಅವಳನ್ನು ಎಬ್ಬಿಸುವವಳು ರಸ್ತೆಯಾಚೆಯ ಹೂವಿನ ವಸಂತಮ್ಮ. ಇವಳು "ಮೊಳ" ಎಂದು ಕೂಗಿದರೆ ಅವಳು "ಮೇಲೊಂದು ಗೇಣು" ಎನ್ನುತ್ತಾಳೆ. "ಅವ್ಳು ಇಲ್ದಿದ್ರೆ ನನ್ ಕೈ ಎಂದೋ ಗಿಡ್ಡ ಆಗ್ಬುಡೋದು" ಎಂದು ಸುಂದರಮ್ಮನೇ ಒಪ್ಪಿಕೊಳ್ಳುತ್ತಾಳೆ. ಮೊನ್ನೆ ದೀಪ ಹತ್ತುವ ಹೊತ್ತಾದರೂ ವಸಂತಮ್ಮನ ಬುಟ್ಟಿ ತುಂಬಿದ್ದು ತುಂಬಿದಂತೆಯೇ ಇತ್ತು. ಮಲ್ಲಿಗೆ ನಾಳೆಯವರೆಗೆ ಕಾಯುವುದಿಲ್ಲ. ಆಗ ದಿನಾ ಉದ್ದ ಮೊಳ ಪಡೆಯುವ ನರ್ಸ್ ಬಿಂದು ಬಂದಳು. ಅವಳಿಗೂ ಕೂಸಿನ ಕೈಯೇ ಸಿಕ್ಕಿತು. "ಏನ್ ಸುಂದರಮ್ಮ, ನನಗೂ ಇಷ್ಟೇನಾ?" "ನಂದು ಇಷ್ಟೇ ಕಣವ್ವ. ಬೇಕಾದ್ರೆ ಆ ಕಡೆ ಹೋಗಿ ನೋಡು." ಬಿಂದು ಸಿಡುಕುತ್ತ ರಸ್ತೆ ದಾಟಿದಳು, ಹಿಂದೆಯೇ ಇನ್ನೂ ಕೆಲವರು ಗೊಣಗುತ್ತ ದಾಟಿದರು. ವಸಂತಮ್ಮನ ಬುಟ್ಟಿಯ ತಳ ಕಾಣುವವರೆಗೂ ಸುಂದರಮ್ಮನ ಕೈ ಗಿಡ್ಡವಾಗಿಯೇ ಇತ್ತು. ಆಮೇಲೆ, ಯಾರಿಗೂ ಗೊತ್ತಾಗದ ಹಾಗೆ, ಮೆಲ್ಲಗೆ ಬೆಳೆಯಿತು.