ಹಾಡಿದರೆ ಆರುವ ಗೀಸರ್

ಬಾಳ್ಳುಪೇಟೆಯ ಗಂಗಾಮಣಿಗೆ ಬೆಳಗಾದರೆ ಫೋನಿನಲ್ಲಿ ಮನುಷ್ಯರಿಗಿಂತ ಗೀಸರುಗಳೇ ಹೆಚ್ಚು ಮಾತಾಡುತ್ತಿದ್ದವು. ಹೆದ್ದಾರಿ ಪಕ್ಕದ ಸಣ್ಣ ಅಂಗಡಿಯಲ್ಲಿ ಗ್ಯಾಸ್ ಒಲೆ, ಗ್ಯಾಸ್ ಗೀಸರ್ ರಿಪೇರಿ ಮಾಡುತ್ತ ಹದಿನೆಂಟು ವರ್ಷ ಕಳೆದಿದ್ದಳು. "ಗೀಸರ್ ಹತ್ರ ಫೋನ್ ಹಿಡೀರಿ" ಅನ್ನುವಳು. ಟಿಕ್ ಟಿಕ್ ಅಂದೂ ಉರಿ ಹತ್ತದಿದ್ದರೆ ಸಿಲಿಂಡರ್ ನೋಡಿ, ಟಿಕ್ ಅನ್ನಲೇ ಇಲ್ಲವೆಂದರೆ ಬ್ಯಾಟರಿ ಬದಲಿಸಿ. ಅರ್ಧ ಊರಿನ ಸ್ನಾನ ಹೀಗೆ ಫೋನಿನಲ್ಲೇ ಸುಸೂತ್ರವಾಗುತ್ತಿತ್ತು.

ಬೆಳಗೋಡಿನ ಶಾಂತಮಲ್ಲಪ್ಪನವರ ಗೀಸರ್ ಮಾತ್ರ ಫೋನಿಗೆ ಬಗ್ಗಲಿಲ್ಲ.

"ಅದಕ್ಕೆ ನನ್ನ ಕಂಡ್ರಾಗಲ್ಲ ಕಣಮ್ಮ," ಎಂದರು ಶಾಂತಮಲ್ಲಪ್ಪ. "ಸೊಸೆ ಸ್ನಾನಕ್ಕೆ ಹೋದ್ರೆ ಕೊನೇತನಕ ಬಿಸಿನೀರು. ನಾನು ಸೋಪು ಹಚ್ಕಂಡೆ ಅಂದ್ರೆ ಸಾಕು, ಆರೋಗ್ಬುಡ್ತದೆ."

ಬ್ಯಾಟರಿಯೂ ಹೊಸದು, ಸಿಲಿಂಡರೂ ಹೊಸದು. ಗಂಗಾಮಣಿ ಸ್ಕೂಟರ್ ಹತ್ತಿ ಹೊರಟಳು. ಹೋಗಿ ನೋಡಿದರೆ ಬಚ್ಚಲಮನೆಯ ಗೋಡೆಯಲ್ಲಿ ನೇತಾಡುತ್ತಿದ್ದ ಗೀಸರಿನ ಹಣೆಗೆ ಮೂರು ಗೆರೆ ವಿಭೂತಿ ಎಳೆದಿತ್ತು.

"ಈ ರಿಪೇರಿ ಯಾರ್ದು ಯಜಮಾನ್ರೆ?"

"ನಂದೇ," ಎಂದು ಅವರು ಬೇರೆ ಕಡೆ ನೋಡಿದರು.

ನೀರು ಒಳಹೋಗುವ ಜಾಗದ ಸಣ್ಣ ಜರಡಿಯನ್ನು ಬಿಚ್ಚಿದಾಗ ಚಿಟಿಕೆ ಮರಳು ಸಿಕ್ಕಿತು. ತೊಳೆದು ಹಾಕಿದಳು. ಉರಿ ಚೆನ್ನಾಗಿಯೇ ಹತ್ತಿತು. ಆದರೆ ಮನೆಯಲ್ಲಿ ಒಬ್ಬರಿಗೇ ಯಾಕೆ ಆರುತ್ತದೆ ಅನ್ನುವುದು ಅವಳ ತಲೆಯನ್ನು ಕೊರೆಯುತ್ತಲೇ ಇತ್ತು.

"ದಿನಾ ಹೆಂಗ್ ಮಾಡ್ತೀರೋ ಹಂಗೇ ಮಾಡಿ ತೋರ್ಸಿ."

"ಸ್ನಾನಾನಾ?"

"ಬಟ್ಟೆ ಹಾಕ್ಕಂಡೇ ಮಾಡಿ, ಪರವಾಗಿಲ್ಲ. ಮನೆಯೋರೆಲ್ಲ ಬೆಳಗ್ಗೆ ಮಾಡೋ ಕೆಲ್ಸಾನೇ ಮಾಡ್ಲಿ."

ಶಾಂತಮಲ್ಲಪ್ಪ ಅಂಗಿ ಪಂಚೆಯಲ್ಲೇ ನಿಂತು, ನಲ್ಲಿ ತಿರುಗಿಸಿ, ಒಣ ಸೋಪನ್ನು ತೋಳಿಗೆ ಉಜ್ಜಿಕೊಂಡರು. ಅಭ್ಯಾಸಬಲದಿಂದ ಗಂಟಲು ಸರಿಮಾಡಿಕೊಂಡು ಒಂದು ವಚನ ಎತ್ತಿದರು. ಎರಡನೆಯ ಸಾಲು ಮುಗಿದಿರಲಿಲ್ಲ, ಉರಿ ಪುಸ್ಸೆಂದು ಆರಿತು.

"ನೋಡ್ದಾ!" ಗೆದ್ದವರಂತೆ ಕೂಗಿದರು.

ಗಂಗಾಮಣಿ ಹಿತ್ತಲಿಗೆ ಓಡಿದಳು. ಅವರ ಹೆಂಡತಿ ಗುರುಶಾಂತಮ್ಮ ಕೊಟ್ಟಿಗೆಯ ನಲ್ಲಿಯನ್ನು ಪೂರ್ತಿ ಬಿಟ್ಟುಕೊಂಡು ಬಕೆಟ್ ತೊಳೆಯುತ್ತಿದ್ದರು.

"ಅಮ್ಮಾರೆ, ಈಗಲೇ ಯಾಕೆ ನಲ್ಲಿ ಬಿಟ್ರಿ?"

"ಅವ್ರು ಹಾಡಿದ್ರಲ್ಲ! ಹಾಡು ಕೇಳ್ತು ಅಂದ್ರೆ ಕೊಟ್ಟಿಗೆ ತೊಳಿಯೋ ಹೊತ್ತಾಯ್ತು ಅಂತ್ಲೇ ನನ್ನ ಲೆಕ್ಕ."

ಎರಡಕ್ಕೂ ಒಂದೇ ಪೈಪು. ಇಲ್ಲಿ ನಲ್ಲಿ ಬಿಟ್ಟರೆ ಅಲ್ಲಿ ನೀರಿನ ರಭಸ ಇಳಿದು ಗೀಸರ್ ತಾನಾಗಿಯೇ ಆರುತ್ತಿತ್ತು. ಸೊಸೆ ಮಾನಸಾಗೆ ಹಾಡುವ ಚಾಳಿ ಇರಲಿಲ್ಲ. ಅವಳು ಕಂಬ ಹಿಡಿದುಕೊಂಡು ನಕ್ಕಳು.

ಗಂಗಾಮಣಿಯೂ ನಗುತ್ತ ಬಚ್ಚಲಿಗೆ ಮರಳಿ ಮೇಲೆ ನೋಡಿದಳು. ಗಾಳಿಕಿಂಡಿಗೆ ಕಾಫಿ ಚೀಲ ತುರುಕಿತ್ತು.

"ಚಳಿಗಾಳಿ ಬರ್ತದೆ ಅಂತ ನಾನೇ ಇಟ್ಟೆ," ಎಂದರು ಶಾಂತಮಲ್ಲಪ್ಪ.

"ಸ್ನಾನ ಆದ್ಮೇಲೆ ತಲೆ ಭಾರ ಆಗ್ತದಾ?"

"ಆಗ್ತದೆ. ಬಿಪಿ ಅಂತ ಮಾತ್ರೆ ತಗತಾ ಇವ್ನಿ."

ಗಂಗಾಮಣಿ ಸ್ಟೂಲ್ ಹತ್ತಿ ಚೀಲ ಕಿತ್ತು ಅಂಗಳಕ್ಕೆ ಎಸೆದಳು. ಈ ಕಸುಬಿಗೆ ಬಂದ ಹೊಸದರಲ್ಲಿ ಆಲೂರಿನ ಒಂದು ಮನೆಯ ಮುಚ್ಚಿದ ಬಚ್ಚಲಿನಲ್ಲಿ ಅವಳೇ ಗೀಸರ್ ಕೂರಿಸಿದ್ದಳು. ಆ ಮನೆಯ ಮದುಮಗಳು ಒಳಗೇ ಪ್ರಜ್ಞೆ ತಪ್ಪಿದ್ದಳು. ಬಾಗಿಲು ಒಡೆದು ಹೊರಗೆ ತಂದಮೇಲೆ ಹೇಗೋ ಉಳಿದಳು. ಅಂದಿನಿಂದ ಗಂಗಾಮಣಿ ಯಾರ ಮನೆಯ ಬಚ್ಚಲೊಳಗೂ ಗೀಸರ್ ಹಾಕಿಲ್ಲ.

"ಇದರ ಹೊಗೆ ಕಣ್ಣಿಗೆ ಕಾಣಲ್ಲ, ಮೂಗಿಗೆ ಗೊತ್ತಾಗಲ್ಲ. ನಿಂತೋರನ್ನ ನಿಂತಂಗೇ ಮಲಗಿಸ್ಬುಡ್ತದೆ ಯಜಮಾನ್ರೆ. ಗೀಸರ್ ಹೊರಗಡೆ ಗೋಡೆಗೆ ಹೋಗ್ಲಿ."

"ಹೋದ ವರ್ಷ ತಾನೆ ಟೈಲ್ಸ್ ಹಾಕ್ಸಿದ್ದು! ತೂತು ಕೊರೆಯೋಕೆ ಬಿಡಕ್ಕಿಲ್ಲ."

ಗಂಗಾಮಣಿ ವಾದಕ್ಕೆ ನಿಲ್ಲಲಿಲ್ಲ. ಸಿಲಿಂಡರಿನ ರೆಗ್ಯುಲೇಟರ್ ಕಳಚಿ ತನ್ನ ಬ್ಯಾಗಿಗೆ ಹಾಕಿಕೊಂಡಳು. "ತೂತು ಕೊರ್ಸಿ ಫೋನ್ ಮಾಡಿ," ಎಂದು ಸ್ಕೂಟರ್ ಹತ್ತಿಯೇಬಿಟ್ಟಳು.

"ಕಳ್ಳತನ ಕಣೇ ಇದು!" ಶಾಂತಮಲ್ಲಪ್ಪ ಗೇಟಿನವರೆಗೂ ಕೂಗುತ್ತ ಬಂದರು. ಆಗಲೂ ಅವರ ಕೈಯಲ್ಲಿ ಸೋಪು ಇತ್ತು.

ಮೂರು ದಿನ ಅವರು ತಣ್ಣೀರಿನಲ್ಲಿ ಮಿಂದು ಮನೆಮಂದಿಯನ್ನೆಲ್ಲ ಬೈದರು. ಆದರೆ ಆ ಮೂರೂ ದಿನ ತಲೆ ಭಾರವಾಗಲಿಲ್ಲ. ಅದನ್ನು ಮೊದಲು ಗಮನಿಸಿದ್ದು ಗುರುಶಾಂತಮ್ಮ. ನಾಲ್ಕನೆಯ ದಿನ ಗಾರೆಯವನು ಬಂದ, ಗಂಗಾಮಣಿಯ ಫೋನೂ ಬಡಿದುಕೊಂಡಿತು. ಅವಳು ಬಂದು ಗೀಸರನ್ನು ಸೂರಿನ ಕೆಳಗೆ ಹೊರಗೋಡೆಗೆ ಕೂರಿಸಿದಳು. ಕೊಟ್ಟಿಗೆಗೆ ಟ್ಯಾಂಕಿನಿಂದಲೇ ಬೇರೆ ಪೈಪು ಎಳೆಸಿದಳು. ಗುರುಶಾಂತಮ್ಮ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಡಿಸಿ, ಸಾಕೆಂದರೂ ಬಿಡದೆ ಇನ್ನೊಂದು ರೊಟ್ಟಿ ಹಾಕಿದರು.

ಮುಂದಿನ ವಾರ ಬೆಳಗೋಡಿನಿಂದ ಗಂಗಾಮಣಿಗೆ ಒಂದರ ಹಿಂದೊಂದು ಫೋನ್ ಬಂದವು. ಶಾಂತಮಲ್ಲಪ್ಪ ಮನೆಮನೆಗೆ ಹೋಗಿ, ಛತ್ರಿಯ ತುದಿಯಿಂದ ಬಚ್ಚಲ ಕಿಂಡಿಗಳನ್ನು ತಿವಿದು, ತುರುಕಿದ್ದ ಚೀಲ, ಹಳೇ ಪೇಪರುಗಳನ್ನೆಲ್ಲ ಕೀಳುತ್ತಿದ್ದರಂತೆ. ಯಾರಾದರೂ ಬೈದರೆ, "ಬಾಳ್ಳುಪೇಟೆ ಗಂಗಾಮಣಿನ ಕೇಳಿ, ಬೇಕಾದ್ರೆ!" ಅನ್ನುತ್ತಿದ್ದರಂತೆ.